ಮೂರು ಮಹಡಿಗೆ ಒಂದೇ ರಿಮೋಟ್

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಾನು ನಮ್ಮ ಅತ್ತಿಗೆಯ ಜೊತೆ ಜಗಳವಾಡಿ ಗೆದ್ದೆ. ಜಗಳ ನಡೆಯುತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವರು ಕೆಳಗಿನ ಮನೆಯಲ್ಲಿದ್ದರು, ನಾನು ಮೇಲಿನ ಮನೆಯಲ್ಲಿದ್ದೆ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಗೆದ್ದ ಮೇಲೆ ನಾನು ಕಾಲು ಚಾಚಿ ಕೂತು ಕಡ್ಲೆಕಾಯಿ ಬೇರೆ ತಿಂದೆ.

ಗೊತ್ತಿಲ್ಲದೆ ಯಾರಾದರೂ ಜಗಳ ಆಡುತ್ತಾರಾ ಎಂದು ಕೇಳುತ್ತೀರಿ. ಆಡಬಹುದು ಸ್ವಾಮಿ. ಅದಕ್ಕೆ ಒಂದು ಹಳೇ ಕಂಪ್ಯೂಟರ್ ಬೇಕು, ಮಾರುದ್ದದ ವೈರ್ ಬೇಕು, ಆ ವೈರಿನ ತುದಿಗೆ ಕಡಲೆ ಕಾಳಿನಷ್ಟು ದೊಡ್ಡ ಬಲ್ಬು ಬೇಕು. ಇವನ್ನೆಲ್ಲ ಜೋಡಿಸಲು ಕೈಯಲ್ಲಿ ಕೆಲಸವಿಲ್ಲದ ನನ್ನಂಥವನೊಬ್ಬ ಬೇಕು.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ದೊಮ್ಮಲೂರಿನ ಹಳೇ ಊರಿನ ಗಲ್ಲಿಯಲ್ಲಿ ನಮ್ಮಪ್ಪ ಕಟ್ಟಿದ್ದು ಒಂದೇ ಮನೆ. ಅದರ ತಲೆಯ ಮೇಲೆ ನಾನು ಒಂದು ಕಟ್ಟಿಕೊಂಡೆ, ನನ್ನ ತಲೆಯ ಮೇಲೆ ತಮ್ಮ ರವಿ ಇನ್ನೊಂದು ಕಟ್ಟಿಕೊಂಡ. (ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಯಾರದೋ ಗಾಜಿನ ಆಫೀಸು ನಿಂತಿದೆ. ಆ ಕಥೆ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆಂದರೆ ನಿಮಗೇ ಬೇಜಾರಾಗಿದೆ.) ಕೆಳಗೆ ಅಣ್ಣ, ಅತ್ತಿಗೆ. ನಡುವೆ ನಾನು, ನನ್ನ ಹೆಂಡತಿ ಸುಧಾ. ಮೇಲೆ ರವಿಯ ಸಂಸಾರ. ಅಡುಗೆಮನೆ ಮೂರು, ಗ್ಯಾಸ್ ಮೂರು, ಕರೆಂಟ್ ಮೀಟರ್ ಮೂರು. ಕೇಬಲ್ಲಿನ ಸೆಟ್‌ಟಾಪ್ ಬಾಕ್ಸ್ ಮಾತ್ರ ಒಂದು.

ಆ ಬಾಕ್ಸ್ ಇರುವುದು ಅಣ್ಣನ ಮನೆಯಲ್ಲಿ. ಅದರಿಂದ ಹೊರಟ ವೈರನ್ನು ಒಂದನ್ನು ಮೂರು ಮಾಡುವ ಸ್ಪ್ಲಿಟರ್‌ಗೆ ಕೊಟ್ಟು, ಕಿಟಕಿಯಿಂದ ಹೊರಗೆ ಹಾಯಿಸಿ, ಮಳೆನೀರಿನ ಪೈಪಿಗೆ ಕಟ್ಟಿ ಮೇಲಿನ ಎರಡು ಮನೆಗೂ ಎಳೆದಿದ್ದೆವು. ಹಾಗಾಗಿ ಕೆಳಗೆ ಏನು ಹಾಕುತ್ತಾರೋ ಮೂರು ಟಿವಿಯಲ್ಲೂ ಅದೇ. ಕೆಳಗೆ ಸೀರಿಯಲ್ ಎಂದರೆ ಮೇಲೂ ಸೀರಿಯಲ್. ಕೆಳಗೆ ಆಫ್ ಮಾಡಿದರೆ ಎಲ್ಲರಿಗೂ ಕತ್ತಲೆ. ಓದುಗರಲ್ಲಿ ಅರ್ಧ ಜನರ ಮನೆಯಲ್ಲಿ ಈ ಏರ್ಪಾಡು ಇತ್ತು. ಇನ್ನರ್ಧ ಜನ ಇರಲಿಲ್ಲ ಎಂದು ಹೇಳುತ್ತಾರೆ. (ಕೇಬಲ್‌ನವನಿಗೂ ಗೊತ್ತು. ನಮ್ಮ ಗಲ್ಲಿಗೆ ಬಂದಾಗ ಅವನು ತಲೆ ಎತ್ತಿ ಪೈಪಿನ ಕಡೆ ನೋಡುವುದಿಲ್ಲ.)

ಮತ್ತೆ ಚಾನೆಲ್ ಬದಲಾಯಿಸುವುದು ಹೇಗೆ?

ಕೂಗಬೇಕು. ಮೆಟ್ಟಿಲ ಹತ್ತಿರ ಬಂದು, ಕಂಬಿ ಹಿಡಿದು, ಕೆಳಗೆ ಬಗ್ಗಿ ಕೂಗಬೇಕು. ರಿಮೋಟ್ ಇದ್ದದ್ದು ಅತ್ತಿಗೆಯ ಕೈಯಲ್ಲಿ.

"ಅತ್ತಿಗೆ, ನ್ಯೂಸ್ ಹಾಕ್ತೀರಾ?"

"ಇರಪ್ಪ, ಇವಳು ಆಸ್ಪತ್ರೆಗೆ ಸೇರ್ಕೊಂಡಿದಾಳೆ. ಏನಾಯ್ತು ಅಂತ ನೋಡ್ಕೊಂಡು ಹಾಕ್ತೀನಿ. ಊಟ ಆಯ್ತಾ?"

"ಇನ್ನೂ ಇಲ್ಲ."

"ಮೊಳಕೆ ಹುರುಳಿ ಸಾರು ಮಾಡಿದೀನಿ. ಸುಧಾಗೆ ಪಾತ್ರೆ ತಗೊಂಡು ಬರಕ್ಕೆ ಹೇಳು."

ಅಷ್ಟರಲ್ಲಿ ಮೇಲಿನಿಂದ ರವಿಯ ತಲೆ ಹೊರಬರುತ್ತಿತ್ತು. ಅವನಿಗೆ ಕ್ರಿಕೆಟ್ ಬೇಕು. ಅವನ ಹೆಂಡತಿಗೆ ಹಾಡಿನ ಕಾರ್ಯಕ್ರಮ ಬೇಕು. ಅತ್ತಿಗೆ ಎಲ್ಲರ ಅಹವಾಲು ಕೇಳಿ, ಒಬ್ಬೊಬ್ಬರಿಗೆ ಇಷ್ಟಿಷ್ಟು ಹೊತ್ತು ಎಂದು ಹಂಚಿ, ತಮಗೂ ಒಂದಿಷ್ಟು ಇಟ್ಟುಕೊಂಡು ರಾಜ್ಯಭಾರ ನಡೆಸುತ್ತಿದ್ದರು. ಪ್ಲಾಸ್ಟಿಕ್ ಕವರ್ ತೊಡಿಸಿದ ರಿಮೋಟ್ ಸೆರಗಿನ ಪಕ್ಕದಲ್ಲೇ ಇರುತ್ತಿತ್ತು. ಮನಸ್ಸು ಬಂದರೆ ಕೊಡುತ್ತಿದ್ದರು. ಬರದಿದ್ದರೆ ಒಂದೇ ಮಾತು: "ಇವತ್ತಾಗಲ್ಲ, ಹೋಗಪ್ಪ."

ಅಣ್ಣನನ್ನು ಮದುವೆಯಾಗಿ ಅವರು ಹಲಸೂರಿನಿಂದ ಈ ಮನೆಗೆ ಬಂದಾಗ ನಾನಿನ್ನೂ ಮಿಡ್ಲ್ ಸ್ಕೂಲು. ನನ್ನ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಕೊಟ್ಟವರು ಅವರು. ಹಾಗಾಗಿ "ಹೋಗಪ್ಪ" ಎಂದರೆ ನಾನು ಹೋಗುತ್ತಿದ್ದೆ. ಮನಸ್ಸಿನಲ್ಲಿ ಗೊಣಗಿಕೊಳ್ಳುತ್ತಿದ್ದೆ, ಅದು ಬೇರೆ ಮಾತು.

ಅತ್ತಿಗೆ ಯಾರಿಗೂ, ಯಾವ ಕಾರಣಕ್ಕೂ ಚಾನೆಲ್ ಬಿಟ್ಟುಕೊಡದ ದಿನ ಒಂದಿತ್ತು. ಅದು ಅವರಪ್ಪ ಬರುವ ದಿನ.

ಅವರಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಹಲಸೂರು ಕೆರೆಯ ಹತ್ತಿರ ಹಸು ಕಟ್ಟಿಕೊಂಡಿದ್ದವರು. ಸೈಕಲ್ಲಿಗೆ ಹಾಲಿನ ಕ್ಯಾನ್ ತಗುಲಿಸಿಕೊಂಡು ಕಂಟೋನ್ಮೆಂಟಿನ ಬಂಗಲೆಗಳಿಗೆ ಹಾಲು ಹಾಕಿ ಬರುತ್ತಿದ್ದರು. ಅತ್ತಿಗೆ ಚಿಕ್ಕವರಿದ್ದಾಗ ಕೆರೆ ಏರಿಯ ಮೇಲೆ ಒಂದು ಕನ್ನಡ ಪಿಕ್ಚರಿನ ಶೂಟಿಂಗ್ ನಡೆಯಿತು. ಹೀರೊ ಹೀರೊಯಿನ್ ಹಾಡು ಹೇಳುವಾಗ ಹಿಂದೆ ನಾಲ್ಕು ಜನ ಓಡಾಡಬೇಕಿತ್ತು. ನಿಂತು ನೋಡುತ್ತಿದ್ದ ಇವರಿಗೂ ಸೈಕಲ್ ತಳ್ಳಿಕೊಂಡು ಹೋಗಿ ಎಂದರಂತೆ, ಕ್ಯಾಮೆರಾ ಕಡೆ ಮಾತ್ರ ನೋಡಬೇಡಿ ಎಂದರಂತೆ. ಇವರು ನೋಡಿದರು. ನೋಡಿದ್ದಲ್ಲದೆ ನಕ್ಕರು. ಅದ್ಯಾಕೋ ಆ ಪಿಕ್ಚರಿನವರು ಅದನ್ನು ಕತ್ತರಿಸಲಿಲ್ಲ.

ಹೀರೊ ಹಿಂದೆ, ಎಡಗಡೆಯಿಂದ ಬಲಗಡೆಗೆ, ಸೈಕಲ್ ತಳ್ಳಿಕೊಂಡು ನಗುತ್ತಾ ಹೋಗುವ ಒಬ್ಬ ಮನುಷ್ಯ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಅತ್ತಿಗೆಯ ಮನೆಯ ಗೋಡೆಯ ಮೇಲೆ ಅವರಪ್ಪನ ಫೋಟೊ ಇದೆ, ಹಾರ ಹಾಕಿದ್ದಾರೆ. ಆದರೆ ಆ ಫೋಟೊದಲ್ಲಿ ನಗು ಇಲ್ಲ. ಅದನ್ನು ತೆಗೆಸಿದ್ದು ರೇಷನ್ ಕಾರ್ಡಿಗೆ. ಅಪ್ಪ ನಡೆಯುವುದನ್ನು, ನಗುವುದನ್ನು ನೋಡಬೇಕೆಂದರೆ ಅತ್ತಿಗೆಗೆ ಇದ್ದದ್ದು ಆ ಪಿಕ್ಚರ್ ಒಂದೇ.

ಅದು ಟಿವಿಯಲ್ಲಿ ಬರುತ್ತಿದ್ದದ್ದು ಅಪರೂಪಕ್ಕೆ. ಬಂದ ದಿನ ಕೆಳಗಿನ ಮನೆಯಲ್ಲಿ ಹಬ್ಬ. ನಾವು ಮೇಲಿನಿಂದ ಚಾನೆಲ್ ಕೇಳಿದರೆ, "ಇವತ್ತಾಗಲ್ಲಪ್ಪ. ನಮ್ಮಪ್ಪ ಬರ್ತಾರೆ. ನೀವೇ ಎಲ್ಲ ಕೆಳಗೆ ಬನ್ನಿ" ಎನ್ನುತ್ತಿದ್ದರು. ನಾವು ಇಳಿಯುತ್ತಿದ್ದೆವು. ಬೋಂಡ ಇರುತ್ತಿತ್ತು, ಅದಕ್ಕೂ ಇಳಿಯುತ್ತಿದ್ದೆವು ಅನ್ನಿ. ಹಾಡು ಶುರುವಾದ ತಕ್ಷಣ ಅತ್ತಿಗೆ ಕುರ್ಚಿಯ ತುದಿಗೆ ಬರುತ್ತಿದ್ದರು. ಆಮೇಲೆ ಮೆಲ್ಲಗೆ, "ಬಂದ್ರು... ಬಂದ್ರು ನೋಡಿ" ಎನ್ನುತ್ತಿದ್ದರು. ಅಷ್ಟೇ. ಹೋದರು. ಉಳಿದ ಪಿಕ್ಚರನ್ನು ಅತ್ತಿಗೆಯೂ ನೋಡುತ್ತಿರಲಿಲ್ಲ, ನಾವೂ ನೋಡುತ್ತಿರಲಿಲ್ಲ. ಅವರಪ್ಪನ ಬಗ್ಗೆ ಅವರು ಹೇಳುವುದನ್ನು ಕೇಳುತ್ತಾ ಕೂತಿರುತ್ತಿದ್ದೆವು.

ಹೀಗೆ ಚೆನ್ನಾಗಿ ನಡೆಯುತ್ತಿದ್ದ ಮನೆಗೆ ನಾನು ರಿಟೈರ್ ಆಗಿ ಬಂದೆ.

ಫ್ಯಾಕ್ಟರಿಯಲ್ಲಿ ನನ್ನದು ಮೇಂಟೆನೆನ್ಸ್ ಸೆಕ್ಷನ್. ಜೀವಮಾನವೆಲ್ಲ ಮಿಷನ್ ಬಿಚ್ಚಿ ಜೋಡಿಸಿದ ಕೈ. ಮನೆಯಲ್ಲಿ ಕೂತರೆ ಅದಕ್ಕೆ ತುರಿಕೆ. ಸುಧಾ ಮೊದಲ ವಾರವೇ ಹೇಳಿಬಿಟ್ಟಳು, "ನಮ್ಮನೇಲಿ ಏನನ್ನೂ ಬಿಚ್ಚಬೇಡಿ." ಸರಿ ಎಂದು ಕೆಳಗಿನ ಮನೆಗೆ ಹೋದೆ.

ಅಲ್ಲಿ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಬಿದ್ದಿತ್ತು. ಅದನ್ನು ತೊಳೆದು ಬಳಿದು (ನಿಜವಾಗಿಯೂ ಬ್ರಷ್ ಹಾಕಿ ಧೂಳು ತೆಗೆದೆ), ಹೊಸ ಹಾರ್ಡ್ ಡಿಸ್ಕ್ ಹಾಕಿ, ಟಿವಿಗೆ ಜೋಡಿಸಿ ಮೀಡಿಯಾ ಕಂಪ್ಯೂಟರ್ ಮಾಡಿದೆ. ದೇವರ ಹಾಡು, ಮದುವೆ ವಿಡಿಯೊ, ಟೂರ್ ಫೋಟೊ ಎಲ್ಲ ಅದರೊಳಗೆ. ಎಲ್ಲರೂ ಭೇಷ್ ಎಂದರು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನಗೆ ಒಂದು ವಿಷಯ ಗೊತ್ತಾಯಿತು. ಕಂಪ್ಯೂಟರಿಗೆ ಇನ್‌ಫ್ರಾರೆಡ್ ಟ್ರಾನ್ಸ್‌ಮಿಟರ್ ಅಂತ ಒಂದನ್ನು ಸಿಕ್ಕಿಸಬಹುದು. ರಿಮೋಟಿನ ಮೂತಿಯಲ್ಲಿ ಇರುತ್ತದಲ್ಲ, ಅದೇ ಬಲ್ಬು, ವೈರಿನ ತುದಿಯಲ್ಲಿ. ಅದನ್ನು ಸೆಟ್‌ಟಾಪ್ ಬಾಕ್ಸಿನ ಮುಖಕ್ಕೆ ಅಂಟಿಸಿಬಿಟ್ಟರೆ ಕಂಪ್ಯೂಟರೇ ಚಾನೆಲ್ ಬದಲಾಯಿಸುತ್ತದೆ. ಕಂಪ್ಯೂಟರಿಗೆ ವೈಫೈಯಲ್ಲಿ ಮೊಬೈಲಿನಿಂದ ಹೇಳಬಹುದು. ಅಂದರೆ ನಾನು ಮೇಲೆ ಕೂತು ಮೊಬೈಲ್ ಒತ್ತಿದರೆ ಕೆಳಗೆ ಬಾಕ್ಸ್ ಕೇಳುತ್ತದೆ. ಕೂಗುವುದು ಬೇಡ, ಮೆಟ್ಟಿಲು ಬೇಡ.

ಎಲ್ಲರಿಗೂ ಹೇಳಿದ್ದು, "ಪಾಪ, ಅತ್ತಿಗೆಗೆ ಎಷ್ಟು ತೊಂದ್ರೆ, ಒಂದು ನಿಮಿಷ ಕೂರಕ್ಕೆ ಬಿಡಲ್ಲ ನಾವು" ಎಂದು. ನಿಮಗೆ ನಿಜ ಹೇಳುತ್ತೇನೆ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿನಲ್ಲಿ ಕ್ರಿಕೆಟ್ ಸ್ಕೋರ್ ನೋಡಲು ಅಪ್ಪಣೆ ಕೇಳುವುದು ನನಗೆ ಸಾಕಾಗಿತ್ತು.

ಟ್ರಾನ್ಸ್‌ಮಿಟರ್ ಸಿಕ್ಕಿದ್ದು ಶಿವಾಜಿನಗರದ ಒಂದು ಅಂಗಡಿಯಲ್ಲಿ. ಹಳೇ ರೇಡಿಯೊ, ಹಳೇ ಚಾರ್ಜರ್, ಎಲ್ಲದರ ರಾಶಿಯ ನಡುವೆ ಕೂತಿದ್ದ ಅಂಗಡಿಯವರು ಅದನ್ನು ಕವರಿಗೆ ಹಾಕುತ್ತಾ, "ದೇಖೋ ಸಾಬ್, ಈ ಬಲ್ಬು ಉರಿದ್ರೂ ಕಾಣಲ್ಲ. ಉರೀತಾ ಇಲ್ಲ ಅಂತ ವಾಪಸ್ ತರಬೇಡಿ" ಎಂದರು. ನಾನು ನಕ್ಕೆ. ಅದು ನನಗೆ ಗೊತ್ತಿಲ್ಲವೇ? ಆ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಕ್ಯಾಮೆರಾ ಹಿಡಿದು ನೋಡಿದರೆ ಮಾತ್ರ ನೇರಳೆ ಬಣ್ಣದಲ್ಲಿ ಮಿಣುಕುತ್ತದೆ.

ಕಂಪ್ಯೂಟರಿಗೆ ನಮ್ಮ ರಿಮೋಟಿನ ಭಾಷೆ ಬರಬೇಕಲ್ಲ. ಅದಕ್ಕೆ ಪಾಠ ಮಾಡಬೇಕು. ಟ್ರಾನ್ಸ್‌ಮಿಟರಿನ ಜೊತೆ ಒಂದು ಪುಟ್ಟ ಕಪ್ಪು ಕಣ್ಣು ಕೊಟ್ಟಿರುತ್ತಾರೆ. ಅದರ ಮುಂದೆ ಅಸಲಿ ರಿಮೋಟ್ ಹಿಡಿದು ಒಂದೊಂದೇ ಬಟನ್ ಒತ್ತಿದರೆ, ಯಾವ ಬಟನ್ನಿಗೆ ಬೆಳಕು ಹೇಗೆ ಮಿಣುಕುತ್ತದೆ ಎಂದು ಕಂಪ್ಯೂಟರ್ ಕಲಿತುಕೊಳ್ಳುತ್ತದೆ. ನಾನು ಕೀಬೋರ್ಡಿನ ಮುಂದೆ ಕೂತಿದ್ದೆ, ಕೈ ಖಾಲಿ ಇರಲಿಲ್ಲ. ಯಾರನ್ನು ಕರೆಯಲಿ?

"ಅತ್ತಿಗೆ, ಸ್ವಲ್ಪ ಬನ್ನಿ ಇಲ್ಲಿ. ರಿಮೋಟ್ ಹಿಡ್ಕೊಂಡು ನಾನು ಹೇಳಿದ್ದು ಒತ್ತಿ."

ಅತ್ತಿಗೆ ಕೈ ಒರೆಸಿಕೊಂಡು ಬಂದು ಮಣೆ ಹಾಕಿಕೊಂಡು ಕೂತರು. ಒಂದು ಎಂದೆ, ಒಂದು ಒತ್ತಿದರು. ಎರಡು ಎಂದೆ, ಎರಡು ಒತ್ತಿದರು. ಕೆಲವು ಬಟನ್ನಿನ ಮೇಲಿನ ಅಂಕಿ ಅಳಿಸಿಹೋಗಿತ್ತು. ನನಗೆ ಅದು ಯಾವುದೆಂದು ತಿಳಿಯುತ್ತಿರಲಿಲ್ಲ, ಅವರ ಬೆರಳಿಗೆ ಗೊತ್ತಿತ್ತು. ನಡುವೆ ಕೇಳಿದರು, "ಇದು ಕಲಿತ್ಕೊಂಡ್ಮೇಲೆ ನನ್ನ ರಿಮೋಟ್ ಕೆಲಸ ಮಾಡುತ್ತಾ ಮಂಜು?"

"ಮಾಡುತ್ತೆ ಅತ್ತಿಗೆ. ನಿಮ್ದು ನಿಮಗೆ, ನಮ್ದು ನಮಗೆ."

"ಹಂಗಾದ್ರೆ ಸರಿ" ಎಂದು ಮುಂದಿನ ಬಟನ್ ಒತ್ತಿದರು. ಅವರ ಕೆಲಸವನ್ನು ಅವರ ಕೈಯಿಂದಲೇ ಮಿಷನ್ನಿಗೆ ಹೇಳಿಕೊಡಿಸುತ್ತಿದ್ದೇನೆ ಎಂದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಫ್ಯಾಕ್ಟರಿಯಲ್ಲಿ ಯಾರಾದರೂ ಹೊಸ ಮಿಷನ್ ತಂದು ನಮ್ಮ ಕೈಯಲ್ಲಿ ಇಂಥದೇ ಮಾಡಿಸಿದ್ದರೆ ನಾವು ಗೇಟಿನ ಮುಂದೆ ಧರಣಿ ಕೂರುತ್ತಿದ್ದೆವು. ಅತ್ತಿಗೆ ಕಾಫಿ ಕೊಟ್ಟರು.

ಪಾಠ ಮುಗಿದರೂ ಮಿಷನ್ ಕೆಲಸ ಮಾಡಲಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಬಲ್ಬು ಉರಿಯುತ್ತಿದೆ. ಬಾಕ್ಸ್ ಮಾತ್ರ ಅಲುಗಾಡುತ್ತಿಲ್ಲ. ಬಹಳ ಹೊತ್ತು ತಲೆ ಕೆಡಿಸಿಕೊಂಡೆ. ಆಮೇಲೆ ಕಾಣಿಸಿತು. ಅತ್ತಿಗೆ ಆಯುಧಪೂಜೆಗೆ ಬಾಕ್ಸಿಗೂ ಗಂಧ ಕುಂಕುಮ ಇಟ್ಟಿದ್ದರು. ಬಾಕ್ಸಿನ ಮುಖದಲ್ಲಿ ರಿಮೋಟಿನ ಬೆಳಕು ಒಳಗೆ ಹೋಗುವ ಒಂದು ಚೂರು ಕಪ್ಪು ಜಾಗ ಇರುತ್ತದೆ, ಬೊಟ್ಟಿನ ದಪ್ಪ ಅಂಚು ಅದರ ಮೇಲೇ ಕೂತು ಒಣಗಿತ್ತು. ಅಸಲಿ ರಿಮೋಟಿನ ಜೋರು ಬೆಳಕು ಪಕ್ಕದಿಂದ ಹೇಗೋ ನುಗ್ಗುತ್ತಿತ್ತು. ನನ್ನ ಬಲ್ಬು ಬೊಟ್ಟಿನ ಮೇಲೇ ಅಂಟಿ ಕೂತಿದ್ದರಿಂದ ಒಳಗೆ ಕಾಣುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ತಕ್ಷಣ ಕೆಲಸ ಮಾಡಿತು.

"ಅಳಿಸ್ಬಿಟ್ಯಾ?" ಎಂದರು ಅತ್ತಿಗೆ.

"ಅದೇ ಅಡ್ಡ ಇತ್ತು ಅತ್ತಿಗೆ."

ಅವರು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಆಮೇಲಿನ ದಿನಗಳು ನನ್ನ ವಿಜಯದ ದಿನಗಳು. ನನ್ನ ಮೊಬೈಲ್, ಸುಧಾ ಮೊಬೈಲ್, ರವಿ ಮೊಬೈಲ್, ಅವನ ಹೆಂಡತಿ ಮೊಬೈಲ್, ಎಲ್ಲದಕ್ಕೂ ಹಾಕಿಕೊಟ್ಟೆ. ನ್ಯೂಸ್ ಬೇಕೇ, ಒತ್ತು. ಹಾಡು ಬೇಕೇ, ಒತ್ತು. ಕಂಬಿ ಹಿಡಿದು ಬಗ್ಗುವವರು ಇಲ್ಲ. ಗಲ್ಲಿಯ ಎದುರುಮನೆಯ ತಮಿಳು ಅಜ್ಜಿ ಒಂದು ದಿನ ನನ್ನನ್ನು ನಿಲ್ಲಿಸಿ, "ಏನು ಮಂಜಣ್ಣ, ಮನೇಲಿ ಯಾರೂ ಇಲ್ವಾ, ಸತ್ತಮೇ ಇಲ್ಲ?" ಎಂದು ಕೇಳಿದರು. ಸದ್ದೇ ಇಲ್ಲವಲ್ಲ ಎಂದು ಅವರ ಪ್ರಶ್ನೆ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಇಷ್ಟೆಲ್ಲ ಆದ ಮೇಲೆ ಆ ಭಾನುವಾರ ಬಂತು.

ಊಟ ಮುಗಿಸಿ ಟಿವಿ ಹಾಕಿದೆ. ಯಾವುದೋ ಹಳೇ ಪಿಕ್ಚರ್ ಓಡುತ್ತಿತ್ತು. ಅಣ್ಣನಿಗೆ ಟಿವಿ ಹಾಕಿಕೊಂಡೇ ನಿದ್ದೆ ಹೋಗುವ ಅಭ್ಯಾಸ, ಹಾಗೇ ಇರಬೇಕು ಎಂದು ಮೊಬೈಲ್ ತೆಗೆದು ಕ್ರಿಕೆಟ್ ಒತ್ತಿದೆ. ಕ್ರಿಕೆಟ್ ಬಂತು. ಎರಡು ಬಾಲ್ ಆಗುವಷ್ಟರಲ್ಲಿ ಮತ್ತೆ ಪಿಕ್ಚರ್.

ನೀವಾಗಿದ್ದರೆ ಏನೆಂದುಕೊಳ್ಳುತ್ತಿದ್ದಿರಿ? ಕೆಳಗೆ ಯಾರೋ ನೋಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದಿರಿ. ನಾನು ಮೇಂಟೆನೆನ್ಸ್ ಸೆಕ್ಷನ್‌ನವನು. ಸಿಗ್ನಲ್ ಪ್ರಾಬ್ಲಂ ಎಂದುಕೊಂಡೆ. ಬಲ್ಬು ಅಂಟಿಸಿದ ಟೇಪ್ ಸಡಿಲವಾಗಿರಬೇಕು, ಕೋಡ್ ಅರ್ಧಂಬರ್ಧ ಹೋಗಿ ಬಾಕ್ಸಿಗೆ ತಪ್ಪು ಕೇಳಿಸಿರಬೇಕು. ಮತ್ತೆ ಒತ್ತಿದೆ. ಕ್ರಿಕೆಟ್. ಮತ್ತೆ ಪಿಕ್ಚರ್. ಮತ್ತೆ ಒತ್ತಿದೆ. ನನ್ನ ಕಣ್ಣು ಟಿವಿಯ ಮೇಲಿರಲಿಲ್ಲ, ಮೊಬೈಲಿನ ಮೇಲಿತ್ತು. ಹಾಡಿನ ಒಂದು ಸಾಲು ಕೇಳಿಸಿದ ಹಾಗಾಯಿತು, ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಒಂದೇ ಕೋಡನ್ನು ಪದೇ ಪದೇ ಕಳಿಸುವ ಹಾಗೆ ಮಾಡಿದೆ. ಪಾಪದ ಬಾಕ್ಸಿಗೆ ಕೇಳಿಸಲಿ ಎಂದು.

ಈಗ ನಿಂತಿತು. ಕ್ರಿಕೆಟ್ ಗಟ್ಟಿಯಾಗಿ ನಿಂತಿತು. ನೋಡಿದೆಯಾ ಎಂದು ಸುಧಾಗೆ ಹೇಳಿ, ಕಡ್ಲೆಕಾಯಿ ತಟ್ಟೆ ಎಳೆದುಕೊಂಡೆ.

ಮಾರನೆಯ ದಿನ ಟೇಪ್ ಸರಿಮಾಡಲೆಂದು ಕೆಳಗಿಳಿದೆ. ಅತ್ತಿಗೆ ಸೊಪ್ಪು ಸೋಸುತ್ತಿದ್ದರು. ಬಲ್ಬು ಬಿಗಿಯಾಗಿಯೇ ಇತ್ತು.

"ನಿನ್ನೆ ಸಿಗ್ನಲ್ ಸರಿ ಹೋಗ್ತಾ ಇರ್ಲಿಲ್ಲ ಅತ್ತಿಗೆ. ಚಾನೆಲ್ ತಾನಾಗೇ ಹಿಂದೆ ಮುಂದೆ ಓಡ್ತಾ ಇತ್ತು. ನಿಮಗೇನಾದ್ರೂ ತೊಂದ್ರೆ ಆಯ್ತಾ?"

"ಇಲ್ವಲ್ಲಪ್ಪ" ಎಂದರು. ತಲೆ ಎತ್ತಲಿಲ್ಲ.

ಅಣ್ಣ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಗೇಟಿನ ತನಕ ಬಂದ. ಅವನು ಕಡಿಮೆ ಮಾತಿನವನು. ಗೇಟಿಗೆ ಒರಗಿ ನಿಂತು ಹೇಳಿದ, "ನಿನ್ನೆ ಅವರಪ್ಪ ಬರೋ ಪಿಕ್ಚರ್ ಇತ್ತು ಕಣೋ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆ ಹಾಡಿನ ಸಾಲು ನೆನಪಾಯಿತು.

"ಮೊದಲೇ ಗೊತ್ತಿರ್ಲಿಲ್ಲ ಅವಳಿಗೆ. ಊಟಕ್ಕೆ ಕೂತಾಗ ಯಾವುದೋ ಚಾನೆಲ್ ಹಾಕಿದ್ಲು, ಅದೇ ಬರ್ತಾ ಇತ್ತು. ಹಾಡು ಇನ್ನೇನು ಬರುತ್ತೆ ಅಂತ ತಟ್ಟೆ ಪಕ್ಕಕ್ಕಿಟ್ಟು ಕೂತ್ಲು. ಅಷ್ಟೊತ್ತಿಗೆ ಕ್ರಿಕೆಟ್ ಬಂತು. ವಾಪಸ್ ಹಾಕಿದ್ಲು. ಮತ್ತೆ ಬಂತು. ವಾಪಸ್ ಹಾಕಿದ್ಲು. ಹಾಡು ಶುರುವಾಗಿತ್ತು. ಮತ್ತೆ ಹೋಯ್ತು. ಆಮೇಲೆ ಅವಳು ರಿಮೋಟ್ ಕೆಳಗಿಟ್ಟು ಕೈ ತೊಳ್ಯಕ್ಕೆ ಎದ್ದೋದ್ಲು."

"ಒಂದು ಮಾತು ಮೇಲಕ್ಕೆ ಕೂಗಿ ಹೇಳ್ಬಾರ್ದಿತ್ತಾ ಅಣ್ಣ?"

"ಏನಂತ ಕೂಗೋದು? ಯಾರಿಗೆ ಅಂತ ಕೂಗೋದು? ಒತ್ತಿದ್ದು ನೀನೋ, ರವಿನೋ, ಅವನ ಹೆಂಡ್ತಿನೋ ಅಂತ ಅವಳಿಗೆ ಹೆಂಗೆ ಗೊತ್ತಾಗ್ಬೇಕು? ಮೊದಲು ನೀವು ಕೇಳ್ತಿದ್ರಿ, ಅವಳು ಆಗಲ್ಲ ಅಂತಿದ್ಲು. ಈಗ ಅದು ಕೇಳಲ್ಲವಲ್ಲ. ಬಾಕ್ಸಿಗೆ ಆಗಲ್ಲ ಅನ್ನಕ್ಕಾಗುತ್ತಾ?"

ನಾನು ಮೆಟ್ಟಿಲು ಹತ್ತಿ ಮೇಲೆ ಬಂದೆ.

ಎಷ್ಟು ಸಲ ಯೋಚಿಸಿದೆನೋ. ಎಲ್ಲಿ ಎಡವಿದೆ? ಯಾವ ವೈರೂ ತಪ್ಪು ಜೋಡಿಸಿರಲಿಲ್ಲ. ಎಲ್ಲ ಸರಿಯಾಗಿ ಕೆಲಸ ಮಾಡುತ್ತಿತ್ತು. ಅದೇ ಸಂಕಟ. ಕೆಟ್ಟಿದ್ದರೆ ಸರಿಮಾಡುವುದು ನನಗೆ ಗೊತ್ತಿತ್ತು.

ನಾನು ಒಬ್ಬನೇ ಅಲ್ಲ ಬಿಡಿ. ನಾವೆಲ್ಲ ಈಗ ಯಾರನ್ನೂ ಏನೂ ಕೇಳದೆ ಬದುಕುವುದನ್ನು ಕಲಿಯುತ್ತಿದ್ದೇವೆ. ದಾರಿ ಕೇಳುವುದಿಲ್ಲ, ಮೊಬೈಲ್ ಹೇಳುತ್ತದೆ. ಪಕ್ಕದ ಮನೆಗೆ ಹೋಗಿ ಒಂದು ಲೋಟ ಸಕ್ಕರೆ ಕೇಳುವುದಿಲ್ಲ, ಬೈಕಿನಲ್ಲಿ ಯಾರೋ ತಂದು ಬಾಗಿಲಿಗೆ ಇಟ್ಟು ಹೋಗುತ್ತಾರೆ. ಆಟೋದವರ ಜೊತೆ ಚೌಕಾಸಿಯೂ ಇಲ್ಲ. ಕೇಳುವುದೆಂದರೆ ಚಿಕ್ಕವರಾಗುವುದು ಎಂದು ನಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಾವು ಕೇಳಿದರೆ ತಾನೇ ಇನ್ನೊಬ್ಬರಿಗೆ ಕೊಡುವುದಕ್ಕೆ ಅವಕಾಶ? ಕೊಡುವುದಿಲ್ಲ ಎನ್ನುವುದಕ್ಕೂ ಅಷ್ಟೇ. "ಇವತ್ತಾಗಲ್ಲ, ನಮ್ಮಪ್ಪ ಬರ್ತಾರೆ" ಎಂದು ಹೇಳಲು ಅತ್ತಿಗೆಗೆ ಇದ್ದ ಜಾಗ ಆ ಮೆಟ್ಟಿಲೊಂದೇ. ಅನುಕೂಲ ಮಾಡಿಕೊಡುತ್ತೇನೆ ಎಂದು ಹೋಗಿ ಆ ಜಾಗವನ್ನು ನಾನು ಮುಚ್ಚಿಬಿಟ್ಟೆ. ಬಹಳ ನೋವಾಗುತ್ತದೆ.

ಸುಮ್ಮನೆ ಕೂರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಆ ಪಿಕ್ಚರ್ ಹುಡುಕಿದೆ. ಸಿಕ್ಕಿತು. ಟಿವಿಯಲ್ಲಿ ಬರುವುದಕ್ಕಿಂತ ಒಳ್ಳೆಯ ಪ್ರಿಂಟು. ಅದನ್ನು ಮೀಡಿಯಾ ಕಂಪ್ಯೂಟರಿಗೆ ಹಾಕಿ, ಹಾಡಿನ ಜಾಗಕ್ಕೆ ತಂದಿಟ್ಟು ಅತ್ತಿಗೆಯನ್ನು ಕರೆದೆ. ಕೂತರು. ಹಾಡು ಬಂತು, ಕೆರೆ ಬಂತು, ಸೈಕಲ್ ಬಂತು. ನಾನು ತಟ್ಟನೆ ಅಲ್ಲಿಗೆ ನಿಲ್ಲಿಸಿದೆ, ಚೆನ್ನಾಗಿ ನೋಡಿಕೊಳ್ಳಲಿ ಎಂದು. ನಿಲ್ಲಿಸಿದರೆ ಮುಖ ಮಸುಕಾಗಿಬಿಡುತ್ತದೆ. ಅದು ಯಾರ ಮುಖ ಬೇಕಾದರೂ ಆಗಿರಬಹುದಿತ್ತು.

"ನಿಲ್ಲಿಸ್ಬೇಡ, ಓಡ್ಲಿ ಬಿಡು" ಎಂದರು ಅತ್ತಿಗೆ.

ಓಡಿಸಿದೆ. ಅವರಪ್ಪ ನಗುತ್ತಾ ಹೋದರು. ಅತ್ತಿಗೆ "ಬಂದ್ರು" ಎನ್ನಲಿಲ್ಲ. ನಾನು, "ಇನ್ನು ಚಾನೆಲ್‌ನವರು ಹಾಕೋ ತನಕ ಕಾಯೋದೇ ಬೇಡ ಅತ್ತಿಗೆ, ಯಾವಾಗ ಬೇಕಾದ್ರೂ ನೋಡ್ಬೋದು. ಇಲ್ಲೊಂದು ಒತ್ತಿದ್ರೆ ಸಾಕು" ಎಂದೆ. ಆಗಲೂ ನನ್ನ ಬಾಯಿಗೆ ಬಂದದ್ದು ಒತ್ತುವ ಮಾತೇ.

"ಹೌದಲ್ವಾ" ಎಂದರು. ಏಳುವಾಗ ಮಣೆ ಎತ್ತಿ ಗೋಡೆಗೆ ಒರಗಿಸಿ, "ಥ್ಯಾಂಕ್ಸ್ ಕಣಪ್ಪ" ಎಂದರು.

ಅತ್ತಿಗೆ ನನಗೆ ಥ್ಯಾಂಕ್ಸ್ ಎಂದದ್ದು ಅದೇ ಮೊದಲು. ಯೂನಿಫಾರ್ಮ್ ಇಸ್ತ್ರಿ ಮಾಡಿಕೊಟ್ಟಾಗ ನಾನು ಅವರಿಗೆ ಥ್ಯಾಂಕ್ಸ್ ಹೇಳಿರಲಿಲ್ಲ. ಅವರಿಗೆ ಜ್ವರ ಬಂದಾಗ ಸುಧಾ ರಾತ್ರಿಯೆಲ್ಲ ಕೂತಿದ್ದಳು, ಆಗ ಅವರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಬಳಸುವುದು ಹೊರಗಿನವರಿಗೆ. ಕೊರಿಯರ್‌ನವರಿಗೆ ಹೇಳುತ್ತೇವೆ, ಗ್ಯಾಸ್ ತಂದವರಿಗೆ ಹೇಳುತ್ತೇವೆ. ಅವರು ಬೈದಿದ್ದರೆ ನಾನು ಇಷ್ಟು ಕುಗ್ಗುತ್ತಿರಲಿಲ್ಲ.

ಅವರು ಆ ಪಿಕ್ಚರನ್ನು ಆಮೇಲೆ ತೆಗೆದು ನೋಡಿಲ್ಲ. ಯಾವಾಗ ಬೇಕಾದರೂ ನೋಡಬಹುದಾದದ್ದಕ್ಕೆ ಯಾರು ಬೋಂಡ ಕರಿಯುತ್ತಾರೆ, ಯಾರು ಮೇಲಿನವರನ್ನು ಕೆಳಗೆ ಕರೆಯುತ್ತಾರೆ?

ಆ ವಾರವೇ ಬಲ್ಬು ಕಿತ್ತೆ. ಟೇಪಿನ ಅಂಟನ್ನು ಉಗುರಿನಲ್ಲಿ ಕೆರೆದು ತೆಗೆದೆ. ಮೊಬೈಲುಗಳಿಂದಲೂ ಎಲ್ಲ ಅಳಿಸಿದೆ. ರವಿ ಗೊಣಗಿದ. "ಚೆನ್ನಾಗಿತ್ತಲ್ಲೋ ಮಾರಾಯ, ಯಾಕೆ ಕಿತ್ತೆ?" ಎಂದ. ಕಾರಣ ಹೇಳಿದೆ. ಆಗ ಅವನು, "ಭಾನುವಾರ ನಾನೂ ಒಂದೆರಡು ಸಲ ಒತ್ತಿದ್ದೆ ಅನ್ಸುತ್ತೆ" ಎಂದ. ಮುಂದಿನ ವಾರ ಅವನು ಬೇರೆ ಕನೆಕ್ಷನ್ ಹಾಕಿಸಿಕೊಂಡ. ಸುಧಾನೂ ನಾವೂ ಹಾಕಿಸೋಣ ಎಂದಳು. ನಾನು ಬೇಡ ಎಂದೆ. ಮೊದಲಿನ ಹಾಗೆ ಕೂಗುತ್ತೇನೆ, ಅತ್ತಿಗೆ ಮೊದಲಿನ ಹಾಗೆ ಉತ್ತರ ಕೊಡುತ್ತಾರೆ, ಎಲ್ಲ ಸರಿಹೋಗುತ್ತದೆ ಎಂದು ನನ್ನ ಲೆಕ್ಕ.

ಮೊದಲ ಸಂಜೆ ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಕಂಬಿ ಹಿಡಿದು ಬಗ್ಗಿ ಕೂಗಿದೆ.

"ಅತ್ತಿಗೆ, ನ್ಯೂಸ್ ಹಾಕ್ತೀರಾ?"

ಕೆಳಗಿನಿಂದ ಅವರ ಸೀರಿಯಲ್ಲಿನ ಸದ್ದು ಕೇಳುತ್ತಿತ್ತು. ಯಾರೋ ಯಾರಿಗೋ ಏನೋ ಹೇಳುತ್ತಿದ್ದರು, ಅರ್ಧ ಮಾತಿಗೆ ಕಡಿದುಹೋಯಿತು. ನ್ಯೂಸ್ ಬಂತು. "ಇರಪ್ಪ" ಇಲ್ಲ, ಊಟ ಆಯ್ತಾ ಇಲ್ಲ. ನಾನು ಇನ್ನೂ ಸ್ವಲ್ಪ ಹೊತ್ತು ಬಗ್ಗಿಯೇ ನಿಂತಿದ್ದೆ.

ಮಾರನೆಯ ದಿನವೂ ಹಾಗೇ. ಬೇಕೆಂದೇ ಅವರ ಸೀರಿಯಲ್ ನಡೆಯುವಾಗ ಕ್ರಿಕೆಟ್ ಕೇಳಿದೆ. ಹಾಕಿದರು. ನನಗೆ ಬೇಡದ ಇನ್ನೊಂದು ಚಾನೆಲ್ ಕೇಳಿದೆ, ಅದನ್ನೂ ಹಾಕಿದರು. ಸುಧಾ ಒಳಗಿನಿಂದ, "ಪಾಪ ಅವರನ್ನ ಯಾಕೆ ಗೋಳು ಹುಯ್ಕೊಳ್ತೀರಿ?" ಎಂದಳು. ಗೋಳು ಹುಯ್ದುಕೊಳ್ಳುತ್ತಿಲ್ಲ ಮಾರಾಯ್ತಿ, ಅವರು ಬೈಯಲಿ ಎಂದು ಕಾಯುತ್ತಿದ್ದೇನೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಇವತ್ತಿಗೂ ದಿನಾ ಸಂಜೆ ಹೋಗಿ ಕೂಗುತ್ತೇನೆ, ಅತ್ತಿಗೆ ದಿನಾ ಹಾಕಿಕೊಡುತ್ತಾರೆ. "ಇವತ್ತಾಗಲ್ಲ, ಹೋಗಪ್ಪ" ಎಂದು ಅವರ ಬಾಯಿಂದ ಇನ್ನೊಂದು ಸಲ ಕೇಳಬೇಕಾದರೆ ನಾನು ಏನನ್ನು ಒತ್ತಬೇಕು, ಹೇಳಿ?